ಪೋಕರ್‌ನಲ್ಲಿ ಚೆಕ್, ಕಾಲ್, ರೇಸ್ ಗೊಂದಲ: ಮೂರೆಲೆ ಆಡಿ ಗೊತ್ತಿರೋರಿಗೆ ಅರ್ಥ ಆಗೋ ಹಾಗೆ ಹೇಳ್ತೀರಾ?

ಹಾಸನ್_ಹೈದ:

ಎಲ್ರಿಗೂ ನಮಸ್ಕಾರ. ಹಬ್ಬಕ್ಕೆ ಮನೆಮಂದಿ ಸೇರಿದ್ರೆ ನಾವು ಆಡೋದು ಮೂರೆಲೆ, ಇಲ್ಲಾ ರಮ್ಮಿ, ಅದು ಬಿಟ್ರೆ ಬೇರೆ ಇಸ್ಪೀಟಾಟ ನಮ್ಮನೇಲಿ ಯಾರಿಗೂ ಬರಲ್ಲ. ಈ ಸಲ ಅಕ್ಕ ಭಾವ ಡಲ್ಲಾಸ್‌ನಿಂದ ಬಂದಿದ್ರು, ಭಾವ ಒಂದು ಡಬ್ಬಿ ತುಂಬ ಪ್ಲಾಸ್ಟಿಕ್ ಚಿಪ್ಸ್ ತಂದು "ಟೆಕ್ಸಾಸ್ ಹೋಲ್ಡೆಮ್ ಕಲಿಸ್ತೀನಿ ಕೂತ್ಕೊಳಿ" ಅಂದ್ರು. ದುಡ್ಡು ಕಾಸು ಏನಿಲ್ಲ, ಸೋತೋರು ಬೆಳಿಗ್ಗೆ ಎಲ್ರಿಗೂ ಕಾಫಿ ಮಾಡ್ಬೇಕು, ಅಷ್ಟೇ ಪಂದ್ಯ.

ಎರಡೆಲೆ ಕೈಗೆ, ಐದೆಲೆ ಮಧ್ಯಕ್ಕೆ, ಏಳರಲ್ಲಿ ಒಳ್ಳೇ ಐದು ಆರಿಸ್ಕೊಬೇಕು ಅನ್ನೋದು ಬೇಗ ತಲೆಗೆ ಹೋಯ್ತು. ತಲೆ ಕೆಟ್ಟಿದ್ದು ಚಿಪ್ಸ್ ಹಾಕೋ ವಿಷ್ಯದಲ್ಲಿ. ಪ್ರತಿ ಆಟಕ್ಕೂ ಒಂದೊಂದು ಜಗಳ.

ಮೊದಲ್ನೇದು, ಚಿಕ್ಕಪ್ಪ ಬಿಗ್ ಬ್ಲೈಂಡ್ ಅಂತ ಎಲೆ ಹಂಚೋಕೆ ಮುಂಚೆನೇ 20 ಇಟ್ಟಿದ್ರು. ಎಲ್ರೂ 20 ಇಟ್ಟು ಸುಮ್ನಾದ್ರು. ಚಿಕ್ಕಪ್ಪ ಎಲೆ ನೋಡಿ ಮುಖ ಸಿಂಡರಿಸಿ "ಪ್ಯಾಕ್" ಅಂತ ಎಸೆದೇ ಬಿಟ್ರು. ಭಾವ "ಮಾವ, ಅದ್ಯಾಕೆ ಎಸೀತೀರಾ, ಚೆಕ್ ಅನ್ನಿ, ಬಿಟ್ಟಿಯಾಗಿ ಮುಂದಿನ ಎಲೆ ನೋಡ್ಬೋದು" ಅಂದ್ರು. ಚಿಕ್ಕಪ್ಪಂಗೆ ಇದು ಒಪ್ಪಿಗೆನೇ ಆಗ್ಲಿಲ್ಲ, ಏನೂ ಹಾಕ್ದೆ ಆಟದಲ್ಲಿ ಕೂರೋದು ಯಾವ ಸೀಮೆ ಜೂಜು ಅಂತಾರೆ.

ಎರಡು, ಮಧ್ಯ ಮೂರೆಲೆ ಬಿಚ್ಚಿದ್ಮೇಲೆ ಅಕ್ಕ 100 ಇಟ್ಲು. ನಾನು 150 ಅಂದೆ. ಭಾವ "ಹಂಗಾಗಲ್ಲ, ಏರಿಸೋದಾದ್ರೆ ಕನಿಷ್ಠ 200" ಅಂದ್ರು. ಯಾಕೆ ಅಂದ್ರೆ ರೂಲು ಅಂದ್ರು.

ಮೂರು, ನನ್ನ ತಮ್ಮ 100 ಇಟ್ಟು, ಯೋಚ್ನೆ ಮಾಡಿ, ಮತ್ತೆ ತನ್ನ ರಾಶಿಗೆ ಕೈ ಹಾಕಿ ಇನ್ನೊಂದು 200 ಸೇರಿಸೋಕೆ ಹೋದ. ಅದೇನೋ ಸ್ಟ್ರಿಂಗ್ ಬೆಟ್ ಅಂತೆ, ನಡಿಯಲ್ಲ ಅಂತೆ, ಬರೀ 100 ಲೆಕ್ಕಕ್ಕೆ ಅಂತೆ.

ನಾಲ್ಕು, ಚಿಕ್ಕಪ್ಪನ ಹತ್ರ ಉಳಿದಿದ್ದೇ 300, ಭಾವ 500 ಇಟ್ರು. ಚಿಕ್ಕಪ್ಪ ಆಲ್ ಇನ್ ಅಂದ್ರು, ತಮ್ಮ 500 ಕೊಟ್ಟ. ಗೆದ್ದಿದ್ದು ಚಿಕ್ಕಪ್ಪ, ಆದ್ರೆ ಎಲ್ಲಾ ಚಿಪ್ಸ್ ಅವ್ರಿಗೆ ಬರ್ಲಿಲ್ಲ, ಒಂದು ಗುಡ್ಡೆ ಭಾವ ಎಳ್ಕೊಂಡ್ರು. ಅಲ್ಲಿಗೆ ಆ ರಾತ್ರಿ ಆಟ ಬಂದ್.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಂದ್ರೆ ಮೂರೆಲೆಲಿ ನಮ್ಮ ಸರದಿ ಬಂದಾಗೆಲ್ಲ ಚಾಲ್ ಹಾಕ್ತಾನೇ ಇರ್ಬೇಕು, ಇಲ್ಲ ಅಂದ್ರೆ ಪ್ಯಾಕ್, ಕೊನೆಗಿಬ್ರು ಉಳಿದಾಗ ಶೋ. ಇಲ್ಲಿ ಇದ್ದಕ್ಕಿದ್ದಂಗೆ "ಸುತ್ತು ಮುಗೀತು" ಅಂತ ಭಾವ ಮುಂದಿನ ಎಲೆ ಬಿಚ್ತಾರೆ. ಎಲ್ಲಿಗೆ ಮುಗೀತು, ಯಾಕೆ ಮುಗೀತು, ಯಾರು ಮುಗಿಸಿದ್ದು? ಅವ್ರು ವಾಪಸ್ ಹೋಗೋದ್ರೊಳಗೆ ಇದನ್ನ ಸರಿಯಾಗಿ ತಿಳ್ಕೊಂಡು ಕೂರ್ಬೇಕು ಅಂತ ಆಸೆ.

---

ಸುಮ್ನೆ_ಒಬ್ಬ:

ಸಿಂಪಲ್ ಗುರು. ಚೆಕ್ ಅಂದ್ರೆ ಏನೂ ಹಾಕ್ದೆ ಪಾಸ್. ಬೆಟ್ ಅಂದ್ರೆ ಆ ಸುತ್ತಲ್ಲಿ ಮೊದಲ್ನೇದಾಗಿ ಹಾಕೋದು. ಕಾಲ್ ಅಂದ್ರೆ ಇನ್ನೊಬ್ರು ಹಾಕಿದಷ್ಟೇ ಹಾಕೋದು. ರೇಸ್ ಅಂದ್ರೆ ಅದಕ್ಕಿಂತ ಜಾಸ್ತಿ. ಫೋಲ್ಡ್ ಅಂದ್ರೆ ನಿಮ್ಮ ಪ್ಯಾಕ್. ಆಲ್ ಇನ್ ಅಂದ್ರೆ ಇರೋದೆಲ್ಲಾ. ರೇಸ್ ಮಾಡೋದಾದ್ರೆ ಮುಂಚಿಂದರ ಡಬಲ್ ಇರ್ಬೇಕು, ಅದಕ್ಕೇ 150 ಆಗಲ್ಲ ಅಂದಿದ್ದು. ಆರು ಪದ ಬಾಯಿಪಾಠ ಮಾಡಿ ಆಡಿ, ಎಂಜಾಯ್.

---

ಮಾಂಡವಿ_ಡೀಲರ್:

ಮೇಲಿನವರು ಹೇಳಿದ್ರಲ್ಲಿ ಡಬಲ್ ಅನ್ನೋದು ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೀನಿ. ನಾನು ಪಣಜಿಲಿ ಮಾಂಡವಿ ನದಿ ಮೇಲಿರೋ ಕ್ಯಾಸಿನೋ ಹಡಗೊಂದ್ರಲ್ಲಿ ಕೆಲವು ವರ್ಷ ಎಲೆ ಹಂಚೋ ಕೆಲ್ಸ ಮಾಡಿದ್ದೆ, ಮೂರೆಲೆ ಆಡಿ ಕೈ ಪಳಗಿರೋರು ಹೋಲ್ಡೆಮ್ ಟೇಬಲ್‌ಗೆ ಬಂದು ಕೂತಾಗ ಎಲ್ರೂ ತಡವರಿಸೋದು ಹಾಸನ್_ಹೈದ ಅವ್ರು ಕೊನೇಲಿ ಕೇಳಿದಾರಲ್ಲ ಆ ಪ್ರಶ್ನೆ ಹತ್ರನೇ. ಅದು ಬಿಡಿಸ್ಕೊಂಡ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಬಿಡಿಸ್ಕೊಳುತ್ತೆ.

ಮೂರೆಲೆಲಿ ಚಾಲ್ ಅನ್ನೋದು ಬಾಡಿಗೆ ಇದ್ದಂಗೆ, ಸರದಿ ಬಂದಾಗೆಲ್ಲ ಹೊಸದಾಗಿ ಕಟ್ಬೇಕು. ನೀವು ಹೋದ ಸುತ್ತಲ್ಲಿ ಎಷ್ಟು ಹಾಕಿದ್ರಿ ಅನ್ನೋದು ಈ ಸುತ್ತಿಗೆ ಲೆಕ್ಕಕ್ಕಿಲ್ಲ, ಈಗಿನ ರೇಟ್ ಏನಿದೆ ಅದನ್ನ ಪೂರ್ತಿ ಇಡ್ಬೇಕು, ಎಲೆ ನೋಡಿದ್ರೆ, ನೋಡದೆ ಬ್ಲೈಂಡ್ ಆಡೋರ ಎರಡರಷ್ಟು. ಹಿಂಗೆ ಒಬ್ಬೊಬ್ರಾಗಿ ಸುಸ್ತಾಗಿ ಪ್ಯಾಕ್ ಆಗೋ ತನಕ ನಡೀತಾನೇ ಇರುತ್ತೆ, ಅದಕ್ಕೆ ಅದಾಗೇ ನಿಲ್ಲೋ ಜಾಗ ಅಂತಿಲ್ಲ.

ಪೋಕರ್‌ನಲ್ಲಿ ಹಂಗಲ್ಲ. ಇಲ್ಲಿ ಕೆಲ್ಸ ಏನಂದ್ರೆ ಆಟದಲ್ಲಿ ಉಳಿದಿರೋರೆಲ್ಲ ಆ ಸುತ್ತಲ್ಲಿ ಸಮ ಹಾಕಿರ್ಬೇಕು. ಸಮ ಆಯ್ತು, ಎಲ್ರಿಗೂ ಒಂದ್ಸಲ ಮಾತಾಡೋ ಸರದಿನೂ ಸಿಕ್ತು, ಅಲ್ಲಿಗೆ ಸುತ್ತು ಮುಗೀತು. ಯಾರೂ ಮುಗಿಸೋದಲ್ಲ, ಅದಾಗೇ ಮುಗಿಯೋದು. ಮುಂದಿನ ಎಲೆ ಬಿಚ್ಚಿದ್ಮೇಲೆ ಮತ್ತೆ ಸೊನ್ನೆಯಿಂದ ಶುರು.

ಒಂದು ಆಟ ಪೂರ್ತಿ ನೋಡೋಣ. ಹಂಚೋ ಸರದಿ ಯಾರದ್ದು ಅಂತ ತೋರಿಸೋ ಬಿಲ್ಲೆನೇ ಡೀಲರ್ ಬಟನ್, ಅದರ ಎಡಕ್ಕಿರೋ ಇಬ್ರು ಎಲೆ ನೋಡೋಕೆ ಮುಂಚೆನೇ ಇಡ್ಲೇಬೇಕಾದ್ದು ಬ್ಲೈಂಡ್: ಸ್ಮಾಲ್ ಬ್ಲೈಂಡ್ 10, ಬಿಗ್ ಬ್ಲೈಂಡ್ 20. ಎರಡೆರಡು ಎಲೆ ಹಂಚಾಯ್ತು. ಬಿಗ್ ಬ್ಲೈಂಡ್‌ನ ಎಡಕ್ಕಿರೋರು ಮೊದಲು ಮಾತಾಡ್ಬೇಕು, ಅವ್ರಿಗಿಂತ ಮುಂಚೆನೇ ಬಿಗ್ ಬ್ಲೈಂಡ್‌ನ 20 ಇದೆ, ಹಂಗಾಗಿ ಅವ್ರು 20 ಕಾಲ್ ಮಾಡ್ಬೋದು, ಏರಿಸ್ಬೋದು, ಇಲ್ಲಾ ಎಸೀಬೋದು, ಚೆಕ್ ಅನ್ನೋ ಹಂಗಿಲ್ಲ. ಅವ್ರು 60ಕ್ಕೆ ರೇಸ್ ಅಂದ್ರು ಅಂತಿಟ್ಕೊಳಿ. ಮಧ್ಯದವರೆಲ್ಲ ಫೋಲ್ಡ್. ಈಗ ಸ್ಮಾಲ್ ಬ್ಲೈಂಡ್ ಕಾಲ್ ಮಾಡೋಕೆ 60 ಇಡ್ಬೇಕಾ? ಇಲ್ಲ, ಅವ್ರ 10 ಆಗ್ಲೇ ಅಲ್ಲಿದೆ, 50 ಸಾಕು. ಬಿಗ್ ಬ್ಲೈಂಡ್‌ಗೆ 40 ಸಾಕು. ಇಬ್ರೂ ಕೊಟ್ರು, ಮೂರೂ ಜನರ ಮುಂದೆ 60 ಸಮ ಆಯ್ತು, ಸುತ್ತು ಬಂದ್, ಮಧ್ಯದ ಗುಡ್ಡೆ ಅಂದ್ರೆ ಪಾಟ್‌ನಲ್ಲಿ 180. ರೇಸ್ ಮಾಡಿದವರಿಗೆ ಮತ್ತೆ ಸರದಿ ಬರಲ್ಲ, ಯಾಕಂದ್ರೆ ಅವ್ರ ಮೇಲೆ ಯಾರೂ ಏರಿಸಿಲ್ಲ. ಚಾಲ್ ಅಭ್ಯಾಸ ಇರೋರು ಇಲ್ಲೇ "ನಂದೊಂದು 60" ಅಂತ ಮತ್ತೆ ತಳ್ತಾರೆ, ಡೀಲರ್ ವಾಪಸ್ ತಳ್ತಾರೆ.

ಆಮೇಲೆ ಒಂದೆಲೆ ಕೆಳಗೆ ಸರಿಸಿ ಮೂರೆಲೆ ಬಿಚ್ಚೋದು, ಅದು ಫ್ಲಾಪ್. ಇಲ್ಲಿಂದ ಮುಂದಕ್ಕೆ ಡೀಲರ್ ಬಟನ್‌ನ ಎಡಕ್ಕೆ ಯಾರು ಮೊದ್ಲು ಆಟದಲ್ಲಿದಾರೋ ಅವ್ರೇ ಮೊದಲು ಮಾತಾಡೋದು, ಅಂದ್ರೆ ನಮ್ಮ ಉದಾಹರಣೆಲಿ ಸ್ಮಾಲ್ ಬ್ಲೈಂಡ್. ಅವ್ರ ಮುಂದೆ ಯಾರದ್ದೂ ಬೆಟ್ ಇಲ್ಲ, ಎಲ್ರದ್ದೂ ಸೊನ್ನೆ, ಸೊನ್ನೆಗೆ ಸೊನ್ನೆ ಸಮನೇ ಅಲ್ವಾ, ಅದಕ್ಕೇ ಏನೂ ಹಾಕ್ದೆ ಚೆಕ್ ಅನ್ಬೋದು. ಬಾಯಲ್ಲಿ ಅನ್ನದಿದ್ರೂ ಬೆರಳಿಂದ ಟೇಬಲ್ ಕುಟ್ಟಿದ್ರೆ ಚೆಕ್ ಅಂತಲೇ ಅರ್ಥ. ಮೂರೂ ಜನ ಚೆಕ್ ಅಂದ್ರೆ ಸೊನ್ನೆಲೇ ಸುತ್ತು ಮುಗೀತು, ನಾಲ್ಕನೇ ಎಲೆ ಟರ್ನ್, ಮತ್ತೊಂದು ಸುತ್ತು, ಐದನೇ ಎಲೆ ರಿವರ್, ಕೊನೇ ಸುತ್ತು.

ಹಂಗಾಗಿ ಆರು ಪದ ಬಾಯಿಪಾಠ ಮಾಡೋದಕ್ಕಿಂತ ಸರದಿ ಬಂದಾಗ ಒಂದೇ ಒಂದು ಪ್ರಶ್ನೆ ಕೇಳ್ಕೊಳಿ: ನಾನು ತುಂಬಿಸ್ಬೇಕಾದ ಬಾಕಿ ಏನಾದ್ರೂ ಇದೆಯಾ? ಇಲ್ಲ ಅಂದ್ರೆ ನಿಮಗಿರೋದು ಚೆಕ್ ಇಲ್ಲಾ ಬೆಟ್. ಇದೆ ಅಂದ್ರೆ ಫೋಲ್ಡ್, ಕಾಲ್, ರೇಸ್. ಆಲ್ ಇನ್ ಅನ್ನೋದು ಬೇರೆ ಜಾತಿ ಏನಲ್ಲ, ಇವುಗಳಲ್ಲೇ ಒಂದನ್ನ ಇರೋದೆಲ್ಲಾ ಸುರಿದು ಮಾಡೋದು.

ಈಗ ನಿಮ್ಮ ಚಿಕ್ಕಪ್ಪನ ಕಥೆ. ಎಲ್ರೂ 20ಕ್ಕೆ ಬಂದು ನಿಂತ್ರು, ಚಿಕ್ಕಪ್ಪನ 20 ಮೊದಲೇ ಇತ್ತು. ಬಾಕಿ ಇದೆಯಾ? ಇಲ್ಲ. ಅಂದ್ಮೇಲೆ ಎಸೆಯೋ ಪ್ರಶ್ನೆನೇ ಇಲ್ಲ. ಅವ್ರು "ಏನೂ ಹಾಕ್ದೆ ಕೂರೋದು" ಅಂದಿದ್ದು ತಪ್ಪು, ಅವ್ರು ಎಲ್ರಿಗಿಂತ ಮುಂಚೆ ಹಾಕಿದಾರೆ, ಅದೂ ಎಲೆ ನೋಡದೆ. ಇನ್ನೊಂದು ವಿಷ್ಯ, ಎಲ್ರೂ ಸಮ ಇದ್ರೂ ಆ ಸುತ್ತು ಇನ್ನೂ ಮುಗ್ದಿರಲ್ಲ, ಯಾಕಂದ್ರೆ ಬ್ಲೈಂಡ್ ಅನ್ನೋದು ರೂಲಿಗಾಗಿ ಇಟ್ಟಿದ್ದು, ಅವ್ರು ಬಾಯಿ ಬಿಟ್ಟು ಆಡಿದ್ದಲ್ಲ. ಬಿಗ್ ಬ್ಲೈಂಡ್‌ಗೆ ಮಾತಾಡೋ ಹಕ್ಕು ಬಾಕಿ ಇದೆ, ಬೇಕಾದ್ರೆ 60, 80 ಅಂತ ಏರಿಸ್ಬೋದು. ಮನೆ ಆಟಗಳಲ್ಲಿ ಇದನ್ನ ಮರ್ತು ಫ್ಲಾಪ್ ಬಿಚ್ಚೋರೇ ಜಾಸ್ತಿ.

ರೇಸ್ ವಿಷ್ಯ ಊಟ ಮುಗಿಸಿ ಬರೀತೀನಿ.

---

ಧಾರವಾಡ_ಪೇಢಾ:

ಮಾಂಡವಿ ಅವ್ರು ಚಂದ ಹೇಳ್ಯಾರ. ನಂದೊಂದು ಸೇರಸ್ತೀನಿ ನೋಡ್ರಿ, ಮೂರೆಲಿ ಆಡಾವ್ರಿಗೆ ಇನ್ನೊಂದು ಗುಂಡಿ ಐತಿ. ನಮ್ಮ ಕಡೆ ಮೂರೆಲಿಯೊಳಗ ಸೀಕ್ವೆನ್ಸ್ (ಸಾಲಾಗಿ ಬಂದ ಎಲಿ) ಕಲರ್‌ಗಿಂತ ದೊಡ್ಡದು, ಪೋಕರ್‌ದಾಗ ಉಲ್ಟಾ, ಐದೂ ಒಂದೇ ಜಾತಿದ್ದು (ಎಲ್ಲಾ ಆಟೀನು ಇದ್ದಂಗ) ಬಂದ್ರ ಅದು ಸೀಕ್ವೆನ್ಸ್‌ಗಿಂತ ದೊಡ್ಡದು. ಟ್ರಯೋ, ಅಂದ್ರ ಒಂದೇ ನಂಬರಿನ ಮೂರೆಲಿ, ಬಂತು ಅಂತ ಕುಣ್ಯಾಕ ಹೋಗಬ್ಯಾಡ್ರಿ, ಮೂರೆಲಿಯೊಳಗ ಅದರ ಮ್ಯಾಲೆ ಏನೂ ಇಲ್ಲ ಖರೆ, ಇಲ್ಲಿ ಸೀಕ್ವೆನ್ಸ್ ಬಂದಾಂವ ಸುದ್ದಾ ಟ್ರಯೋನ ಹೊಡೀತಾನ. ಇದು ಗೊತ್ತಿರದ ಮೂರು ಎಕ್ಕ ಹಿಡ್ಕೊಂಡು ಇರೂದೆಲ್ಲಾ ಸುರದು ಬೆಪ್ಪಾಗಿ ಕುಂತ ಮಂದಿನ್ನ ನಾ ನೋಡೇನ್ರಿ.

ಇನ್ನ ಶೋ ಅಂತ ರೊಕ್ಕ ಕೊಟ್ಟು ಕೇಳೂದು ಇಲ್ಲಿಲ್ಲ. ರಿವರ್ ಆದಮ್ಯಾಲಿನ ಸುತ್ತು ಸಮ ಆತು ಅಂದ್ರ ಎಲೆ ತೋರ್ಸೂದು ಅಷ್ಟ. ಆ ಸುತ್ತಿನ್ಯಾಗ ಕಡೀಕ ಯಾರು ಬೆಟ್ ಇಲ್ಲಾ ರೇಸ್ ಮಾಡ್ಯಾರೋ ಅವ್ರ ಮೊದ್ಲ ತೋರಿಸ್ಬೇಕು. ಎಲ್ಲಾರೂ ಚೆಕ್ ಅಂದಿದ್ರ ಬಟನ್ ಎಡಕ್ಕ ಕುಂತಾವ್ರಿಂದ ಶುರು. ಸೈಡ್ ಶೋ ಅಂತೂ ಇಲ್ಲವೇ ಇಲ್ಲ, ಬಾಜೂದವನ ಎಲಿ ಇಣುಕಿ ನೋಡೂದು ಮರ್ತುಬಿಡ್ರಿ.

---

ಲಾ_ಪಾಯಿಂಟ್:

ಎಲ್ಲಾ ಸರಿ, ಆದ್ರೆ ಇದನ್ನ ಓದಿ ಯಾರಾದ್ರೂ ಮೊಬೈಲ್‌ನಲ್ಲಿ ದುಡ್ಡು ಹಾಕಿ ಆಡೋಕೆ ಆ್ಯಪ್ ಹುಡುಕೋಕೆ ಹೋಗ್ಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು, ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನ ಅದು ನಿಷೇಧ ಮಾಡುತ್ತೆ, ಕೌಶಲ್ಯದ ಆಟನೋ ಅದೃಷ್ಟದ ಆಟನೋ ಅನ್ನೋ ವ್ಯತ್ಯಾಸ ಅದ್ರಲ್ಲಿ ಇಲ್ಲ. ಅದಕ್ಕೆ ಮುಂಚೆ ನಮ್ಮ ರಾಜ್ಯದಲ್ಲೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನೇ ಮಾಡೋಕೆ ಹೋಗಿದ್ರು, 2022ರ ಫೆಬ್ರವರಿಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತ್ತು, ಹಳೇ ತೀರ್ಪು ಓದ್ಕೊಂಡು "ನಮ್ಮಲ್ಲಿ ಓಕೆ" ಅನ್ನೋರು ಈಗಲೂ ಇದಾರೆ.

---

ಹಾಸನ್_ಹೈದ:

@ಲಾ_ಪಾಯಿಂಟ್ ನಮ್ದು ಕಾಫಿ ಪಂದ್ಯ ಸಾರ್, ಭಯ ಬೇಡ.

@ಮಾಂಡವಿ_ಡೀಲರ್ ಅಣ್ಣ, ಬಾಡಿಗೆ ಅಂದಿದ್ದು ಓದಿ ಚಿಕ್ಕಪ್ಪಂಗೆ ತೋರಿಸ್ದೆ, "ಹಂಗಾದ್ರೆ ನನ್ನ 20 ಅಡ್ವಾನ್ಸು" ಅಂದ್ರು. ಚೆಕ್ ಈಗ ಒಪ್ಕೊಂಡಿದಾರೆ. ರೇಸ್‌ಗೆ ಕಾಯ್ತಿದೀನಿ.

---

ಮಾಂಡವಿ_ಡೀಲರ್:

ಬಂದೆ. ರೇಸ್ ಡಬಲ್ ಇರ್ಬೇಕು ಅನ್ನೋದು ಮೊದಲ ರೇಸ್‌ಗೆ ಮಾತ್ರ ಸರಿ ಹೋಗುತ್ತೆ, ಅದಕ್ಕೇ ಅರ್ಧ ಸರಿ ಅಂದಿದ್ದು. ನಿಜವಾದ ರೂಲು ಏನಂದ್ರೆ ನೀವು ಎಷ್ಟು ಏರಿಸ್ತೀರೋ ಆ ಏರಿಕೆ, ಆ ಸುತ್ತಲ್ಲಿ ಈಗಾಗ್ಲೇ ಆಗಿರೋ ಬೆಟ್ ಅಥವಾ ಏರಿಕೆಗಿಂತ ಕಮ್ಮಿ ಇರ್ಬಾರ್ದು. ಅಕ್ಕ ಸೊನ್ನೆಯಿಂದ 100ಕ್ಕೆ ಏರಿಸಿದ್ರು, ಏರಿಕೆ 100. ನೀವು 100 ಏರಿಸಿ 200 ಅನ್ಬೇಕು. ಇದು ಡಬಲ್ ಥರ ಕಾಣುತ್ತೆ. ಆದ್ರೆ ನೀವು 300 ಅಂದಿದ್ರೆ? ಏರಿಕೆ 200. ಮುಂದಿನವರು ಕನಿಷ್ಠ 500 ಅನ್ಬೇಕು, 600 ಅಲ್ಲ. ಈ ಜಾಗದಲ್ಲಿ "ಡಬಲ್ ಡಬಲ್" ಅಂತ ಜಗಳ ಆಡೋರನ್ನ ಎಷ್ಟು ನೋಡಿದೀನೋ ಲೆಕ್ಕ ಇಲ್ಲ.

ಯಾಕೆ ಇಂಥ ರೂಲು? ಇಲ್ಲದಿದ್ರೆ 100ರ ಮೇಲೆ 101, ಅದರ ಮೇಲೆ 102 ಅಂತ ಬೆಳಗಾಗೋ ತನಕ ಕೂರ್ಬೋದು, ಎದುರಿನವರನ್ನ ಕೆಣಕೋಕೆ, ಮಾತಾಡೋ ಸರದಿ ಮತ್ತೆ ತೆರೆಯೋಕೆ. ಹೆಚ್ಚು ಕಮ್ಮಿ ಅದನ್ನ ತಡೆಯೋಕೇ ಇದು. ಗರಿಷ್ಠ ಎಷ್ಟು ಅನ್ನೋದು ಆಟದ ಮೇಲೆ ಹೋಗುತ್ತೆ, ನಿಮ್ಮ ಭಾವ ಕಲಿಸ್ತಿರೋದು ನೋ ಲಿಮಿಟ್, ಅದ್ರಲ್ಲಿ ನಿಮ್ಮ ಮುಂದೆ ಇರೋ ರಾಶಿನೇ ಮಿತಿ. ಆ ಕ್ಷಣ ಟೇಬಲ್ ಮೇಲಿರೋದು ಮಾತ್ರ, ಜೇಬಿಂದ ತೆಗೆಯೋ ಹಂಗಿಲ್ಲ, ಸಾಲ ಕೇಳೋ ಹಂಗಿಲ್ಲ.

ನಿಮ್ಮ 150 ವಿಷ್ಯದಲ್ಲಿ ಒಂದು ಸೂಕ್ಷ್ಮ ಇದೆ. ಟೂರ್ನಿಗಳಲ್ಲಿ ಏನು ಮಾಡ್ತಾರೆ ಅಂದ್ರೆ, ಕನಿಷ್ಠ ಏರಿಕೆಯ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಟ್ಬಿಟ್ರೆ ಪೂರ್ತಿ ರೇಸ್ ಮಾಡಿಸ್ತಾರೆ. ನಿಮ್ದು 100ಕ್ಕೆ 50, ಸರಿಯಾಗಿ ಅರ್ಧ, ಅಂದ್ರೆ ಇನ್ನೊಂದು 50 ಇಟ್ಟು 200 ಮಾಡ್ಲೇಬೇಕು. ಏನೂ ಮಾತಾಡ್ದೆ 140 ಇಟ್ಟಿದ್ರೆ ಅದು ಬರೀ ಕಾಲ್, 40 ವಾಪಸ್. ಬಾಯಲ್ಲಿ "ರೇಸ್" ಅಂದಿದ್ರೆ ಮುಗೀತು, ಎಷ್ಟೇ ಇಟ್ಟಿರ್ಲಿ ಕನಿಷ್ಠ ರೇಸ್ ಮಾಡ್ಬೇಕು. ಬಾಯಿ ಮಾತು ಇಲ್ಲಿ ಸಹಿ ಹಾಕಿದಂಗೆ.

ಅದಕ್ಕೇ ತಮ್ಮನ ಕಥೆ ಹಂಗಾಗಿದ್ದು. ಸ್ಟ್ರಿಂಗ್ ಬೆಟ್ ಅಂದ್ರೆ ಕಂತಿನಲ್ಲಿ ಬೆಟ್ ಇಡೋದು. ಮೊದಲು 100 ಇಟ್ಟು ಎದುರಿನವರ ಮುಖ ನೋಡೋದು, ನಿಟ್ಟುಸಿರು ಬಿಟ್ರೆ ಇನ್ನೊಂದು 200 ಸೇರಿಸೋದು, ಖುಷಿಯಾದಂಗೆ ಕಂಡ್ರೆ ಅಲ್ಲೇ ನಿಲ್ಲಿಸೋದು. ಈ ಕಳ್ಳಾಟ ಬೇಡ ಅಂತ ರೂಲು: ಒಂದೇ ಸಲಕ್ಕೆ ಅಷ್ಟೂ ಮುಂದೆ ತಳ್ಳಿ, ಇಲ್ಲಾ ಮೊದಲೇ ಬಾಯಲ್ಲಿ "300ಕ್ಕೆ ರೇಸ್" ಅನ್ನಿ, ಆಮೇಲೆ ಎರಡು ಕಂತಲ್ಲಿ ಎಣಿಸಿ ಇಟ್ರೂ ತೊಂದ್ರೆ ಇಲ್ಲ. ತಮ್ಮ ಮೋಸ ಮಾಡೋಕೆ ಮಾಡಿರಲ್ಲ ಬಿಡಿ, ಆದ್ರೆ ಮನಸಲ್ಲಿ ಏನಿತ್ತು ಅಂತ ಡೀಲರ್‌ಗೆ ಹೆಂಗೆ ಗೊತ್ತಾಗ್ಬೇಕು. ಸಿನಿಮಾದಲ್ಲಿ ಹೀರೋ ಸಿಗಾರ್ ಕಚ್ಕೊಂಡು "ನಿನ್ನ ನೂರಕ್ಕೆ ನನ್ನ ನೂರು... ಅದರ ಮೇಲೆ ಇನ್ನೂರು" ಅಂತಾನಲ್ಲ, ನಿಜವಾದ ಟೇಬಲ್‌ನಲ್ಲಿ ಆ ಡೈಲಾಗ್ ಹೊಡೆದ್ರೆ ಮೊದಲ ನೂರಿಗೇ ಕಾಲ್ ಅಂತ ಲೆಕ್ಕ ಹಾಕಿ ಮುಂದಕ್ಕೆ ಹೋಗ್ತಾರೆ.

ಇದರ ಜೊತೇಲೇ ಬರೋ ಇನ್ನೊಂದು. ಅಕ್ಕ 100 ಇಟ್ಟಿದಾರೆ, ನೀವು ಮಾತಾಡ್ದೆ ಒಂದೇ ಒಂದು 500ರ ಚಿಪ್ ಇಟ್ರಿ. ಅದು ರೇಸ್ ಅಲ್ಲ, ಕಾಲ್, 400 ಚಿಲ್ರೆ ವಾಪಸ್ ಬರುತ್ತೆ. ಬಸ್ಸಲ್ಲಿ ಐನೂರರ ನೋಟು ಕೊಟ್ರೆ ಕಂಡಕ್ಟರ್ ಐನೂರರ ಟಿಕೆಟ್ ಹರಿತಾರಾ? ಆದ್ರೆ ಮುಂಚೆ ಯಾರೂ ಬೆಟ್ ಮಾಡಿಲ್ಲ, ನೀವೇ ಮೊದಲು ಆ 500 ಇಟ್ರಿ ಅಂದ್ರೆ ಅದು 500ರ ಬೆಟ್ಟೇ.

---

ರಾಣಿ_ಎಕ್ಕ:

ನಾಲ್ಕನೇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅಲ್ಲಿ ಪಾಪ ಚಿಕ್ಕಪ್ಪ ಬೇಜಾರಾಗಿದಾರೆ, ನಾನು ಹೇಳ್ತೀನಿ.

ಪಾಟ್‌ನಲ್ಲಿ ಮುಂಚೆನೇ 200 ಇತ್ತು ಅಂತಿಟ್ಕೊಳಿ. ಭಾವ 500, ಚಿಕ್ಕಪ್ಪ ಇರೋ 300 ಆಲ್ ಇನ್, ತಮ್ಮ 500. ಚಿಕ್ಕಪ್ಪ ಒಬ್ಬೊಬ್ರ ಹತ್ರ ಗೆಲ್ಲೋಕೆ ಸಾಧ್ಯ ಇರೋದು ತಾವು ಹಾಕಿದಷ್ಟೇ, ಅಂದ್ರೆ 300. ಹಂಗಾಗಿ ಮೂರೂ ಜನರಿಂದ 300 ಮಾತ್ರ ತಗೊಂಡು, ಮುಂಚಿನ 200 ಸೇರಿಸಿ, 1100ರ ಒಂದು ಗುಡ್ಡೆ. ಇದು ಮೇನ್ ಪಾಟ್, ಇದಕ್ಕೆ ಮೂರೂ ಜನ ಹಕ್ಕುದಾರರು. ಭಾವ ಮತ್ತೆ ತಮ್ಮ ಇಬ್ರದ್ದೂ ತಲಾ 200 ಮಿಕ್ಕಿದೆ, ಅದು 400ರ ಇನ್ನೊಂದು ಗುಡ್ಡೆ, ಸೈಡ್ ಪಾಟ್, ಇದಕ್ಕೆ ಅವ್ರಿಬ್ರೇ. ಮುಂದೆ ಎಲೆ ಬರೋದಿದ್ರೆ ಅವ್ರಿಬ್ರೂ ಇನ್ನೂ ಬೆಟ್ ಮಾಡ್ಕೊಬೋದು, ಅದೆಲ್ಲಾ ಈ ಎರಡನೇ ಗುಡ್ಡೆಗೇ ಹೋಗುತ್ತೆ. ಚಿಕ್ಕಪ್ಪ ಸುಮ್ನೆ ಕೂತು ನೋಡೋದು, ಅವ್ರಿಗೆ ಇನ್ನು ಯಾರೂ ಎಷ್ಟೇ ಹಾಕಿದ್ರೂ ಎಸೀಬೇಕಾದ ಹೆದರಿಕೆ ಇಲ್ಲ.

ಕೊನೇಲಿ ಎಲೆ ತೋರಿಸಿದಾಗ ಮೊದಲು ಸೈಡ್ ಪಾಟ್ ಯಾರದ್ದು ಅಂತ ನೋಡ್ತಾರೆ: ಭಾವ, ತಮ್ಮ ಇಬ್ರಲ್ಲಿ ಭಾವನ ಎಲೆ ದೊಡ್ಡದಿತ್ತು, 400 ಅವ್ರಿಗೆ. ಆಮೇಲೆ ಮೇನ್ ಪಾಟ್: ಮೂವರಲ್ಲಿ ಚಿಕ್ಕಪ್ಪನದ್ದು ದೊಡ್ಡದು, 1100 ಅವ್ರಿಗೆ. 300 ಇಟ್ಟು 1100 ತಗೊಂಡಿದಾರೆ, ಇನ್ನೇನು ಬೇಕಂತೆ! ತಮ್ಮ ಎಸೆದಿದ್ದು ಭಾವ ಒಬ್ರೇ ಎದುರಿಗಿದ್ದಿದ್ರೆ ಸೈಡ್ ಪಾಟ್‌ಏ ಇರ್ತಿರ್ಲಿಲ್ಲ, ಭಾವನ ಮಿಕ್ಕಿದ 200 ಅವ್ರ ಕೈಗೆ ಸೀದಾ ವಾಪಸ್.

ಇನ್ನೊಂದು ಚಿಟಿಕೆ ಕಷ್ಟದ್ದು. ಅಕ್ಕ 100 ಬೆಟ್, ತಮ್ಮ ಕಾಲ್, ಚಿಕ್ಕಪ್ಪನ ಹತ್ರ ಒಟ್ಟು ಇರೋದೇ 150, ಆಲ್ ಇನ್. 150 ಕನಿಷ್ಠ ರೇಸ್ ಅಲ್ಲ, ಆದ್ರೂ ಆಲ್ ಇನ್ ಆದ್ರಿಂದ ಒಪ್ತಾರೆ. ಈಗ ಅಕ್ಕ, ತಮ್ಮ ಇನ್ನು 50 ಇಟ್ಟು ಸಮ ಮಾಡ್ಬೋದು ಇಲ್ಲಾ ಎಸೀಬೋದು, ಅಷ್ಟೇ, ಮತ್ತೆ ಏರಿಸೋ ಹಂಗಿಲ್ಲ, ಯಾಕಂದ್ರೆ ಅವ್ರು ಆಗ್ಲೇ ಮಾತಾಡಿಯಾಗಿದೆ, ಪೂರ್ತಿ ರೇಸ್ ಆಗದೆ ಸರದಿ ಮತ್ತೆ ತೆರೆಯಲ್ಲ.

ಆಟದ ಬಗ್ಗೆನೂ ಒಂದು ಮಾತು. ಬರೀ ರೂಲಾಗಿ ಕಲಿತ್ರೆ ಚೆಕ್ ಅಂದ್ರೆ ಸೋಲು ಒಪ್ಕೊಂಡಂಗೆ ಅನ್ಸುತ್ತೆ, ನಮ್ಮ ಕಡೆ ಗಂಡಸರಿಗಂತೂ ಚೆಕ್ ಅನ್ನೋದೇ ಅವಮಾನ. ಆದ್ರೆ ಒಳ್ಳೇ ಎಲೆ ಇದ್ದೂ ಚೆಕ್ ಅಂದು, ಎದುರಿನವರು ಆಸೆಗೆ ಬಿದ್ದು ಬೆಟ್ ಮಾಡಿದ್ಮೇಲೆ ರೇಸ್ ಮಾಡ್ಬೋದು, ಅದು ಚೆಕ್ ರೇಸ್, ರೂಲಿನ ಪ್ರಕಾರ ಪೂರ್ತಿ ಸರಿ. ನಾನು ಇದನ್ನ ಮನೇಲಿ ಮಾಡ್ದಾಗೆಲ್ಲ ನಮ್ಮೆಜಮಾನ್ರು "ಮೋಸ" ಅಂತಾರೆ, ಅನ್ಲಿ. ಹಂಗೇ ಕಾಲ್ ಅನ್ನೋದು ಸುರಕ್ಷಿತ ಅಂತ ಹೊಸಬರು ಅಂದ್ಕೊಂಡು ಎಲ್ಲದಕ್ಕೂ ಕಾಲ್ ಕಾಲ್ ಅಂತಾರೆ, ಚಿಪ್ಸ್ ಕರಗೋದೇ ಅಲ್ಲಿ. ಬೆಟ್, ರೇಸ್‌ನಲ್ಲಿ ಗೆಲ್ಲೋಕೆ ಎರಡು ದಾರಿ, ಎಲೆ ದೊಡ್ಡದಿರ್ಬೇಕು ಇಲ್ಲಾ ಎದುರಿನವರು ಎಸೀಬೇಕು. ಕಾಲ್‌ಗೆ ಒಂದೇ ದಾರಿ.

ಕಾಲ್ ಮಾಡೋ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. ಟರ್ನ್ ಆಗಿದೆ, ಪಾಟ್‌ನಲ್ಲಿ 300, ಎದುರಿನವರು 100 ಬೆಟ್. ನೀವು 100 ಕೊಟ್ರೆ ಒಟ್ಟು 500, ಅದ್ರಲ್ಲಿ ನಿಮ್ದು ಐದರಲ್ಲೊಂದು ಪಾಲು, ಅಂದ್ರೆ ನೂರಕ್ಕೆ 20 ಸಲ ಗೆದ್ರೆ ಸಮ. ನಿಮ್ಮ ಕೈಯಲ್ಲೂ ಮಧ್ಯದಲ್ಲೂ ಸೇರಿ ಆಟೀನು ನಾಲ್ಕಾಗಿದೆ, ಇನ್ನೊಂದು ಬಂದ್ರೆ ಕಲರ್. ಆಟೀನು ಒಟ್ಟು 13, ಉಳಿದಿರೋದು 9, ನೀವು ನೋಡದೇ ಇರೋ ಎಲೆ 46. 46ರಲ್ಲಿ 9 ಅಂದ್ರೆ ನೂರಕ್ಕೆ ಹತ್ತಿರತ್ತಿರ 20. ಇಲ್ಲಿ ಕಾಲ್ ಸರಿಸುಮಾರು ಸಮ. ಅದೇ 300 ಬೆಟ್ ಮಾಡಿದ್ರೆ 300 ಕೊಟ್ಟು 900ಕ್ಕೆ ಆಡ್ಬೇಕು, ಮೂರರಲ್ಲೊಂದು ಸಲ ಗೆಲ್ಬೇಕು, ಆಗ ಎಸೆಯೋದೇ ಮೇಲು. ಕೂತಲ್ಲೇ ಇಷ್ಟು ಲೆಕ್ಕ ಬಂದ್ರೆ ನಿಮ್ಮ ಭಾವನ್ನ ಹೆದರಿಸ್ಬೋದು.

---

ಸುಮ್ನೆ_ಒಬ್ಬ:

ಡಬಲ್ ವಿಷ್ಯ ಗೊತ್ತಿರ್ಲಿಲ್ಲ ಮಾಂಡವಿ ಬ್ರೋ, 300ರ ಮೇಲೆ 500 ಸಾಕಾ, ನಮ್ಮ ಪಿಜಿ ಹುಡುಗ್ರು 600 ಹಾಕಿಸ್ತಾ ಇದ್ರಲ್ಲಪ್ಪ. ಇವತ್ತೇ ಗ್ರೂಪಲ್ಲಿ ಹಾಕ್ತೀನಿ. ಹಂಗೇ ಡಲ್ಲಾಸ್ ಅಂದಿದ್ಕೆ ನೆನಪಾಯ್ತು, ಈ ಆಟ ಹುಟ್ಟಿದ್ದು ಟೆಕ್ಸಾಸ್‌ನ ರಾಬ್ಸ್‌ಟೌನ್ ಅನ್ನೋ ಚಿಕ್ಕ ಊರಲ್ಲಿ ಅಂತ ಅಲ್ಲಿನ ಶಾಸನಸಭೆನೇ ಒಪ್ಕೊಂಡಿದೆ, ಭಾವಂಗೆ ಕ್ವಿಜ್ ಥರ ಕೇಳಿ ನೋಡಿ.

---

ಹಾಸನ್_ಹೈದ:

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ರಾಣಿ ಮೇಡಂ, 1100 ಲೆಕ್ಕ ಹೇಳಿದ್ಮೇಲೆ ಚಿಕ್ಕಪ್ಪ ಸಮಾಧಾನ ಆಗಿದಾರೆ, ಈಗ ಪ್ರತಿ ಸಲ ಬೆರಳಲ್ಲಿ ಟೇಬಲ್ ಕುಟ್ಟೋದೇ ಕೆಲ್ಸ. ರಾಬ್ಸ್‌ಟೌನ್ ಭಾವಂಗೆ ಗೊತ್ತಿರ್ಲಿಲ್ಲ!

ಕೊನೇ ಡೌಟು ಒಂದು. ನಿನ್ನೆ ಎಲ್ರೂ ಔಟ್ ಆಗಿ ನಾನು ಭಾವ ಇಬ್ರೇ ಉಳಿದ್ವಿ. ಬಟನ್ ನನ್ನ ಹತ್ರ. ಇಬ್ರೇ ಇದ್ದಾಗ ಬಟನ್‌ನ ಎಡಕ್ಕೂ ಭಾವನೇ, ಬಲಕ್ಕೂ ಭಾವನೇ, ಸ್ಮಾಲ್ ಬ್ಲೈಂಡ್ ಯಾರು ಇಡ್ಬೇಕು, ಮೊದಲು ಯಾರು ಮಾತಾಡ್ಬೇಕು?

---

ಮಾಂಡವಿ_ಡೀಲರ್:

ಇಬ್ರೇ ಇದ್ದಾಗ ಸ್ವಲ್ಪ ಉಲ್ಟಾ. ಬಟನ್ ಇರೋರೇ ಸ್ಮಾಲ್ ಬ್ಲೈಂಡ್, ಅಂದ್ರೆ ನೀವು 10, ಭಾವ 20. ಮೊದಲ ಎಲೆ ಭಾವಂಗೆ. ಫ್ಲಾಪ್‌ಗೆ ಮುಂಚಿನ ಸುತ್ತಲ್ಲಿ ಮೊದಲು ಮಾತಾಡೋದು ನೀವು: ಇನ್ನು 10 ಇಟ್ಟು ಸಮ ಮಾಡಿ, ಇಲ್ಲಾ ಏರಿಸಿ, ಇಲ್ಲಾ ಎಸೀರಿ. ಫ್ಲಾಪ್ ಬಿಚ್ಚಿದ್ಮೇಲೆ ರಿವರ್ ತನಕ ಪ್ರತಿ ಸುತ್ತಲ್ಲೂ ಭಾವ ಮೊದಲು, ನೀವು ಆಮೇಲೆ. ಅವ್ರೇನು ಮಾಡಿದ್ರು ಅಂತ ನೋಡಿ ಆಡ್ಬೋದು, ಬಟನ್ ನಿಮ್ಮ ಹತ್ರ ಇದ್ದಾಗ ಸ್ವಲ್ಪ ಧೈರ್ಯ ಮಾಡಿ. ಮುಂದಿನ ಆಟಕ್ಕೆ ಬಟನ್ ಅವ್ರ ಕಡೆ ಹೋಗುತ್ತೆ, ಆಗ ಎಲ್ಲಾ ಅದಲುಬದಲು.